ಎರಡು ಸೀಸೆ

ಇದು ಮನುಷ್ಯರ ಆಸ್ಪತ್ರೆ ಎಂದು ಕಾಂಪೌಂಡರ್ ಮಹೇಶ್ವರಪ್ಪ ಎರಡನೇ ಸಲ ಹೇಳಿದಾಗಲೂ ಗಾದ್ರಪ್ಪ ಜಗುಲಿಯಿಂದ ಏಳಲಿಲ್ಲ. ಕಂಬಳಿಯಲ್ಲಿ ಸುತ್ತಿದ ಅವನ ನಾಯಿ ಕೆಂಚಿ ತೊಡೆಯ ಮೇಲಿತ್ತು. ಬೆಳಿಗ್ಗೆ ಅದರ ಮೂತಿಯ ಎಡಗಡೆ ಸೂಜಿಯಿಂದ ಚುಚ್ಚಿದಂಥ ಎರಡು ಗುರುತುಗಳಷ್ಟೇ ಇದ್ದವು. ಕುರಿಮರಿಯಂತೆ ಹೆಗಲ ಮೇಲೆ ಹೊತ್ತುಕೊಂಡು ಕಾರೆಹಟ್ಟಿಯಿಂದ ಬಸವನಕಟ್ಟೆಗೆ ಐದು ಮೈಲಿ ನಡೆದು ಬರುವಷ್ಟರಲ್ಲಿ ಮುಖವೆಲ್ಲ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಒಸಡಿನಿಂದ ತೆಳ್ಳಗೆ ರಕ್ತ ಜಿನುಗಿ ಅವನ ಅಂಗಿಯ ತೋಳಿಗೆ ಅಂಟಿತ್ತು.

ಜಗಳೂರು ಸೀಮೆಯ ಆ ಭಾಗದಲ್ಲಿ ಕುರಿ ಸಾಕುವವನಿಗೆ ನಾಯಿ ಇಲ್ಲದೆ ಆಗುವುದಿಲ್ಲ. ಕಲ್ಲುಗುಡ್ಡದಿಂದ ತೋಳಗಳು ಹಗಲಲ್ಲೇ ಇಳಿಯುತ್ತಿದ್ದವು. ಆದರೆ ಗಾದ್ರಪ್ಪನ ಮನೆಗೆ ಬಂದ ನಾಯಿಗಳು ತೋಳಕ್ಕೆ ಬಲಿಯಾಗಲಿಲ್ಲ, ಹಾವಿಗೆ ಬಲಿಯಾದವು. ಮೊದಲನೆಯದು ಪಾಪಾಸುಕಳ್ಳಿಯ ಬುಡದಲ್ಲಿ ಇಲಿ ಹುಡುಕಲು ಹೋಗಿ ನಾಗರಹಾವಿನಿಂದ ಕಚ್ಚಿಸಿಕೊಂಡು, ಅವನು ಓಡಿ ಬರುವಷ್ಟರಲ್ಲಿ ಕಾಲು ಸೆಟೆದುಕೊಂಡು ಬಿದ್ದಿತ್ತು. ಎರಡನೆಯದನ್ನು ಕೊಳಕುಮಂಡಲ ಕಚ್ಚಿತು. ಅದು ಸಾಯಲು ಮೂರು ದಿನ ತೆಗೆದುಕೊಂಡಿತು. ಆ ಮೂರು ದಿನವೂ ಗಾದ್ರಪ್ಪ ಅದರ ಪಕ್ಕದಲ್ಲಿ ಕೂತು, ಹಸಿರೌಷಧಿ ಅರೆದು ಹಚ್ಚಿ, ಮಂತ್ರ ಹಾಕಿಸಿ, ಕೊನೆಗೆ ತಾನೇ ಹೊಡೆದು ಸಾಯಿಸಲೇ ಎಂದು ಕಲ್ಲು ಎತ್ತಿಕೊಂಡು ಬಂದು, ಅದು ಬಾಲ ಅಲ್ಲಾಡಿಸಿದ್ದನ್ನು ಕಂಡು ಕಲ್ಲನ್ನು ಕೆಳಗಿಟ್ಟಿದ್ದ.

ಅದಕ್ಕೇ ಕೆಂಚಿ ಬಂದಾಗ ಅವನು ಪಣ ತೊಟ್ಟವನಂತೆ ಆಡಿದ. ಕುರಿ ಕೂಡುವ ರೊಪ್ಪದ ಸುತ್ತ ಇದ್ದ ಕಳ್ಳಿಯನ್ನೆಲ್ಲ ಕಡಿದು ಸುಟ್ಟ. ಸೌದೆಯ ಒಟ್ಟಿಲನ್ನು ಮನೆಯಿಂದ ದೂರ ಸಾಗಿಸಿ, ನೆಲಕ್ಕೆ ತಾಕದಂತೆ ಕಲ್ಲುಕಂಬಗಳ ಮೇಲೆ ಒಟ್ಟಿದ. ಇಲಿ ಬಂದರೆ ಅದರ ಹಿಂದೆ ಹಾವು ಬರುತ್ತದೆ ಎಂದು ಹೆಂಡತಿ ದುರುಗಮ್ಮನಿಗೆ ಅಂಗಳದಲ್ಲಿ ಒಂದು ಕಾಳೂ ಚೆಲ್ಲದಂತೆ ತಾಕೀತು ಮಾಡಿದ. ಗೋಡೆಯ ಬಿಲಗಳಿಗೆ ಮಣ್ಣು ಮೆತ್ತಿದ. ಬಿಸಿಲು ಏರಿ ನೆಲ ಕಾಣುವತನಕ ನಾಯಿಯ ಹಗ್ಗ ಬಿಚ್ಚುತ್ತಿರಲಿಲ್ಲ. ಕುರಿ ಮೇಯಿಸಲು ಕಾವಲಿಗೆ ಹೋದಾಗ ಹುಲ್ಲಿದ್ದ ಕಡೆ ತಾನು ಮುಂದೆ ನಡೆದು, ಕೋಲಿನಿಂದ ನೆಲ ಬಡಿದು, ಆಮೇಲೆ ಅದನ್ನು ಕರೆಯುತ್ತಿದ್ದ. ಒಂದು ಸಲ ಸತ್ತ ಹಾವನ್ನು ತಂದು ಅದರ ಮುಂದೆ ಹಾಕಿ, ಮೂಸಲು ಹೋದಾಗಲೆಲ್ಲ ಮೂತಿಗೆ ಹೊಡೆದ. ನಾಲ್ಕು ದಿನ ಹಾಗೆ ಮಾಡಿದ ಮೇಲೆ ಕೆಂಚಿ ಹಗ್ಗದ ತುಂಡು ಕಂಡರೂ ಹಿಂದೆ ಸರಿಯತೊಡಗಿತು. ಕಾರೆಹಟ್ಟಿಯವರು ನಗುತ್ತಿದ್ದರು. ಪಕ್ಕದ ಮನೆಯ ಅಜ್ಜಮ್ಮ ಮಾತ್ರ ನಗದೆ, ನನ್ನ ಎರಡು ಹೆಣ್ಣುಮಕ್ಕಳನ್ನ ಇಷ್ಟು ಜೋಪಾನ ಮಾಡಾಕೆ ನನ್ನ ಕೈಲಿ ಆಗಲಿಲ್ಲ ನೋಡು ಎಂದಿದ್ದಳು.

ಎರಡೂವರೆ ವರ್ಷ ಏನೂ ಆಗಲಿಲ್ಲ. ಈ ಬೆಳಿಗ್ಗೆ, ಬಿಸಿಲೇರಿದ ಮೇಲೆಯೇ, ಕಿತ್ತು ಹಾಕಿದ್ದ ಶೇಂಗಾ ಬಳ್ಳಿಯ ಗುಡ್ಡೆಗೆ ಕುರಿಯೊಂದು ಬಾಯಿ ಹಾಕಿತು. ಗಾದ್ರಪ್ಪನೇ ಕೆಂಚಿಯನ್ನು ಕರೆದು ಅತ್ತ ಛೂ ಬಿಟ್ಟ. ಅವನು ಬಿಟ್ಟ ಕಡೆಗೇ ಅದು ಓಡಿತು. ಗುಡ್ಡೆಯ ಕೆಳಗಿನ ತಂಪಿನಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿತ್ತು.

ಮಹೇಶ್ವರಪ್ಪ ಚನ್ನಗಿರಿ ಕಡೆಯವನು. ನಾಲ್ಕು ವರ್ಷದಿಂದ ಬಸವನಕಟ್ಟೆಯಲ್ಲಿ ಒಬ್ಬನೇ ಇದ್ದ. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು, ಉಳಿದ ದಿನ ಇವನೇ ಎಲ್ಲ. ಆ ವರ್ಷ ಮುಂಗಾರಿನಲ್ಲಿ ಹಾವಿನ ವಿಷಕ್ಕೆ ಎರಡು ಸೀಸೆ ಔಷಧಿ ಬಂದಾಗ, ಸುತ್ತಲಿನ ಹಟ್ಟಿಗಳಿಗೆಲ್ಲ ಸೈಕಲ್ಲಿನಲ್ಲಿ ಹೋಗಿ, ಇನ್ನು ಮೇಲೆ ಮಂತ್ರ ಹಾಕುವವನ ಹತ್ತಿರ ಹೋಗಬೇಡಿ, ನೇರ ನನ್ನ ಹತ್ತಿರ ಬನ್ನಿ ಎಂದು ಸಾರಿ ಬಂದಿದ್ದ. ಆ ಮಾತು ಗಾದ್ರಪ್ಪನಿಗೆ ನೆನಪಿತ್ತು. ಅದನ್ನೇ ನಂಬಿ ಬಂದಿದ್ದ.

"ಅದು ಜನಕ್ಕೆ ಅಂತ ಕೊಟ್ಟಿದ್ದು ಕಣಯ್ಯಾ," ಎಂದ ಮಹೇಶ್ವರಪ್ಪ. "ನಾಳೆ ಯಾರಾದ್ರೂ ಬಂದ್ರೆ ನಾನು ಏನು ಕೊಡ್ಲಿ?"

ಗಾದ್ರಪ್ಪ ಕೇಳಿದ್ದು ಒಂದೇ: ಔಷಧಿ ಬಂದಾಗಿನಿಂದ ಎಷ್ಟು ಜನಕ್ಕೆ ಕೊಟ್ಟೀರಿ? ಯಾರಿಗೂ ಕೊಟ್ಟಿರಲಿಲ್ಲ. ಐದು ತಿಂಗಳಿಂದ ಆ ಎರಡು ಸೀಸೆಗಳು ಪೆಟ್ಟಿಗೆಯಲ್ಲಿ ಹಾಗೇ ಇದ್ದವು. ಮಹೇಶ್ವರಪ್ಪ ಒಳಗೆ ಹೋಗಿ ಪೆಟ್ಟಿಗೆ ತೆಗೆದು ಸೀಸೆಯ ಮೇಲಿನ ಚೀಟಿ ಓದಿದ. ಮುಂದಿನ ತಿಂಗಳಿಗೆ ಅವಧಿ ಮುಗಿಯುತ್ತಿತ್ತು. ಹೊಸದು ಕಳಿಸಿ ಎಂದು ಬರೆದೂ ಆಗಿತ್ತು. ಅವನು ಅದನ್ನು ಗಟ್ಟಿಯಾಗಿ ಹೇಳಬಾರದಿತ್ತು; ಹೇಳಿಬಿಟ್ಟ. ಅದನ್ನು ಕೇಳಿದ ಗಾದ್ರಪ್ಪ ನಾಯಿಯನ್ನು ನಿಧಾನವಾಗಿ ನೆಲದ ಮೇಲೆ ಮಲಗಿಸಿ, ಬಾಗಿ, ತನಗಿಂತ ಹತ್ತು ವರ್ಷ ಚಿಕ್ಕವನ ಪಾದ ಹಿಡಿದ.

"ಇದೂ ಹಂಗೇ ಸಾಯೋದನ್ನ ನಾನು ನೋಡಲಾರೆ ಸ್ವಾಮಿ. ಯಾರ ಮುಂದೂ ಬಾಯಿ ಬಿಡಲ್ಲ."

ಮಹೇಶ್ವರಪ್ಪ ಬಾಗಿಲು ಮುಂದೆ ಮಾಡಿದ. ಬಿಳಿ ಪುಡಿಗೆ ನೀರು ಬೆರೆಸಿ, ಸೀಸೆಯನ್ನು ಅಂಗೈಗಳ ನಡುವೆ ಉರುಳಿಸುತ್ತ, ಮೊದಲು ಒಂದನ್ನು ಕೊಟ್ಟ. ಒಂದು ಗಂಟೆ ಕಾದರೂ ರಕ್ತ ನಿಲ್ಲಲಿಲ್ಲ. ಇನ್ನೊಂದನ್ನೂ ಕೊಟ್ಟ. ಬಿಸಿಲು ಇಳಿಯುವ ಹೊತ್ತಿಗೆ ಕೆಂಚಿ ತೆರೆದ ಕಣ್ಣಿನಿಂದ ಗಾದ್ರಪ್ಪನನ್ನು ಹುಡುಕಿ, ಅವನ ಕೈಯನ್ನು ಒಮ್ಮೆ ನೆಕ್ಕಿತು. ಮಹೇಶ್ವರಪ್ಪ ಖಾಲಿ ಸೀಸೆಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಇಬ್ಬರ ಮುಖದಲ್ಲೂ ಆಗ ಸಂತೋಷವೇ ಇತ್ತು.

ಹಟ್ಟಿಯಲ್ಲಿ ಗಾದ್ರಪ್ಪ, ಕಾಂಪೌಂಡ್ರು ಗಾಯ ನಂಜಾಗದಿರಲು ಎಂಥದೋ ಸೂಜಿ ಹಾಕಿದರು ಎಂದಷ್ಟೇ ಹೇಳಿದ. ದುರುಗಮ್ಮನಿಗೂ ಅಷ್ಟೇ ಹೇಳಿದ. ಹಾವು ಸರಿಯಾಗಿ ಕಚ್ಚಿರಲಿಕ್ಕಿಲ್ಲ ಎಂದರು ಕೆಲವರು. ನಾಯಿಗೆ ಆಯಸ್ಸು ಗಟ್ಟಿ ಇತ್ತು ಎಂದರು ಇನ್ನು ಕೆಲವರು. ನಾಲ್ಕನೇ ದಿನ ಕೆಂಚಿ ಎದ್ದು ನಿಂತಿತು. ಅಜ್ಜಮ್ಮ ಬಂದು ನೋಡಿ, ಅದಕ್ಕೆ ಒಂದು ಚಟಾಕು ಹಾಲು ಕೊಟ್ಟು ಹೋದಳು.

ಹನ್ನೊಂದನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅಜ್ಜಮ್ಮನ ಹೊಲದಿಂದ ಅವಳ ಗಂಡ ಜಂಪಣ್ಣ ಕೂಗಿದ್ದು ಕೇಳಿಸಿತು. ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತ ಕೂತಿದ್ದವಳು ಇನ್ನೊಂದು ಹೊರೆ ಎಳೆದುಕೊಳ್ಳಲು ಎದ್ದು ಕಾಲಿಟ್ಟಿದ್ದಳು. ಗಾದ್ರಪ್ಪ ಓಡಿ ಹೋದಾಗ ಅವಳು ಬದುವಿನ ಮೇಲೆ ಕೂತು ಎರಡೂ ಕೈಯಿಂದ ಪಾದ ಹಿಡಿದುಕೊಂಡಿದ್ದಳು. ಜಂಪಣ್ಣ ಹಾವನ್ನು ಹೊಡೆದು ಹಾಕಿದ್ದ. ಗಾದ್ರಪ್ಪನಿಗೆ ಅದರ ಬೆನ್ನಿನ ಸರಪಣಿಯಂಥ ಮಚ್ಚೆಗಳನ್ನು ಎರಡನೇ ಸಲ ನೋಡುವ ಅಗತ್ಯವಿರಲಿಲ್ಲ.

ಗಾಡಿ ಗಾದ್ರಪ್ಪನದು, ಎತ್ತುಗಳೂ ಅವನವೇ. ಹುಲ್ಲು ಹಾಸಿ ಅಜ್ಜಮ್ಮನನ್ನು ಮಲಗಿಸಿದರು. ಜಂಪಣ್ಣ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಇಬ್ಬರು ಹೆಣ್ಣುಮಕ್ಕಳನ್ನು ಹಿಡಿದುಕೊಂಡು ದುರುಗಮ್ಮ ಹಟ್ಟಿಯಲ್ಲೇ ಉಳಿದಳು. ಗಾದ್ರಪ್ಪ ಗಾಡಿಯ ಮುಂದೆ ಮೂಕಿಯ ಮೇಲೆ ಕೂತು ಎತ್ತುಗಳನ್ನು ಹೊಡೆದ. ಹಿಂದೆ ಅಜ್ಜಮ್ಮ ಮಾತಾಡುತ್ತಲೇ ಇದ್ದಳು. ಅಂಥ ನೋವೇನಿಲ್ಲ, ಉರಿಯಷ್ಟೇ ಎನ್ನುತ್ತಿದ್ದಳು. ಒಲೆಯ ಮೇಲೆ ಹುರುಳಿ ಇಟ್ಟು ಬಂದಿದ್ದೀನಿ, ಯಾರಾದರೂ ಇಳಿಸಿದರೋ ಇಲ್ಲವೋ ಎಂದು ಕೇಳಿದಳು.

ಎರಡು ಮೈಲಿ ಹೋದ ಮೇಲೆ ಬಂಡಿಜಾಡು ಕವಲಾಗುತ್ತದೆ. ಎಡಕ್ಕೆ ಮೂರು ಮೈಲಿ ಹೋದರೆ ಬಸವನಕಟ್ಟೆ. ಬಲಕ್ಕೆ ಎರಡು ಮೈಲಿ ಹೋದರೆ ಟಾರು ರಸ್ತೆ. ಹನ್ನೆರಡು ಗಂಟೆಗೆ ಅಲ್ಲಿ ದಾವಣಗೆರೆಗೆ ಹೋಗುವ ಬಸ್ಸು ಸಿಗುತ್ತದೆ. ಗಾದ್ರಪ್ಪ ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ.

"ರೋಡಿಗೆ ಹೋಗಾನ ಜಂಪಣ್ಣ. ಹನ್ನೆರಡರ ಬಸ್ಸು ಸಿಕ್ತತೆ. ದಾವಣಗೆರೆಗೇ ಹೋಗಾನ."

"ನಿನಗೇನು ತಲೆ ಕೆಟ್ಟೈತಾ? ದಾವಣಗೆರೆ ಎಲ್ಲೈತೆ, ಬಸವನಕಟ್ಟೆ ಎಲ್ಲೈತೆ. ಅಲ್ಲಿ ಔಷಧಿ ಐತೆ ಅಂತ ಕಾಂಪೌಂಡ್ರೇ ಬಂದು ಹೇಳಿಲ್ವಾ?"

"ದೊಡ್ಡಾಸ್ಪತ್ರೆ ಆದ್ರೆ..."

"ಯಾಕೆ, ಅಲ್ಲಿ ಏನಾಗೈತೆ?" ಎಂದ ಜಂಪಣ್ಣ.

ಎತ್ತೊಂದು ತಲೆ ಕೊಡವಿತು. ಗಾದ್ರಪ್ಪ ಹಿಂತಿರುಗಿ ನೋಡಲಿಲ್ಲ. ಅಲ್ಲಿ ಔಷಧಿ ಇಲ್ಲ, ನನ್ನ ನಾಯಿಗೆ ಹಾಕಿಸಿಬಿಟ್ಟೆ: ಹೇಳಬೇಕಾಗಿದ್ದುದು ಇಷ್ಟೇ. ಆ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು. ಅದರ ಜೊತೆಗೇ ಮಹೇಶ್ವರಪ್ಪ ಬಾಗಿಲು ಮುಂದೆ ಮಾಡಿದ್ದು, ತಾನು ಪಾದ ಹಿಡಿದು ಆಡಿದ ಮಾತು, ನಾಳೆ ಹಟ್ಟಿಯ ಜನ ತನ್ನ ಅಂಗಳದಲ್ಲಿ ನಿಂತು ನಾಯಿಯನ್ನೂ ತನ್ನನ್ನೂ ನೋಡುವ ರೀತಿ, ಎಲ್ಲವೂ ಬಂದವು. ಇನ್ನೊಂದು ಯೋಚನೆಯೂ ಬಂತು. ಹೊಸದು ಕಳಿಸಿ ಎಂದು ಬರೆದಿದ್ದರಲ್ಲ, ಹನ್ನೊಂದು ದಿನವಾಯಿತು, ಬಂದಿದ್ದರೂ ಬಂದಿರಬಹುದು. ಅವನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಂದಿರಬಹುದು. ಬಂದೇ ಇರುತ್ತದೆ.

"ಹೊಡಿ ಮಾವ," ಎಂದಳು ಅಜ್ಜಮ್ಮ ಹಿಂದಿನಿಂದ. "ಆ ಕಾಂಪೌಂಡ್ರು ಒಳ್ಳೇರು."

ಅವನು ಎಡಕ್ಕೆ ಹೊಡೆದ.

ಮಹೇಶ್ವರಪ್ಪ ಗಾಡಿಯ ಸದ್ದಿಗೆ ಹೊರಗೆ ಬಂದವನು, ಮೊದಲು ಗಾದ್ರಪ್ಪನನ್ನು ನೋಡಿದ. ಆಮೇಲೆ ಗಾಡಿಯೊಳಗೆ ನೋಡಿದ. ಅವಳ ಕಾಲು ಮೊಣಕಾಲಿನ ತನಕ ಊದಿ ಚರ್ಮ ಹೊಳೆಯುತ್ತಿತ್ತು. ಅವನು ಏನನ್ನೂ ಕೇಳದೆ ಒಳಗೆ ಹೋದ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅದನ್ನು ಯಾಕೆ ತೆಗೆದನೋ, ಅದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ಬಹಳ ಹೊತ್ತು ಅವನು ಹೊರಗೆ ಬರಲಿಲ್ಲ. ಜಂಪಣ್ಣ ಬಾಗಿಲ ತನಕ ಹೋಗಿ ಕರೆದ ಮೇಲೆ ಬಂದ.

"ಇಲ್ಲ," ಎಂದ. "ಇದ್ದದ್ದರ ಅವಧಿ ಮುಗಿದಿತ್ತು, ಬಿಸಾಕಿದೆ. ಹೊಸದು ಬಂದಿಲ್ಲ. ದಾವಣಗೆರೆಗೆ ಕರ್ಕೊಂಡು ಹೋಗ್ರಿ, ಬೇಗ ಹೋಗ್ರಿ."

ಜಂಪಣ್ಣನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಬೈಯಲಿಲ್ಲ. ಮಹೇಶ್ವರಪ್ಪ ಅಜ್ಜಮ್ಮನ ಕಾಲಿಗೆ ಒಂದು ಪಟ್ಟಿ ಸುತ್ತಿ, ಒಂದು ಸೂಜಿ ಹಾಕಿ, ಚೀಟಿ ಬರೆದುಕೊಟ್ಟ. ಎತ್ತುಗಳಿಗೆ ನೀರು ಸಹ ಕುಡಿಸದೆ ಬಂದ ದಾರಿಯಲ್ಲೇ ತಿರುಗಿಸಿದರು.

ಕವಲು ದಾರಿಯ ಹತ್ತಿರ ಬರುವಾಗ ಅಜ್ಜಮ್ಮನ ಮಾತು ನಿಂತಿತ್ತು. ಟಾರು ರಸ್ತೆ ಸೇರಿದಾಗ ಮೂರು ಗಂಟೆಯ ಹತ್ತಿರ. ಹನ್ನೆರಡರ ಬಸ್ಸು ಯಾವಾಗಲೋ ಹೋಗಿತ್ತು. ಒಂದು ಲಾರಿ ನಿಲ್ಲಿಸದೆ ಹೋಯಿತು. ಮೂರೂವರೆಯ ಬಸ್ಸಿನಲ್ಲಿ ಜನ ಎದ್ದು ಹಿಂದಿನ ಸೀಟು ಬಿಟ್ಟುಕೊಟ್ಟರು. ಗಾದ್ರಪ್ಪ ಎತ್ತುಗಳನ್ನು ರಸ್ತೆ ಬದಿಯ ಜಾಲಿಮರಕ್ಕೆ ಕಟ್ಟಿ ತಾನೂ ಹತ್ತಿದ. ಅವಳ ಒಸಡಿನಿಂದ ರಕ್ತ ಬರುತ್ತಿತ್ತು. ಜಂಪಣ್ಣ ಟವೆಲಿನಿಂದ ಒರೆಸುತ್ತಿದ್ದ, ಒರೆಸಿದ ಕೂಡಲೇ ಮತ್ತೆ ಬರುತ್ತಿತ್ತು. ಬಿಳಿಚೋಡು ದಾಟಿ ಸ್ವಲ್ಪ ದೂರ ಹೋದ ಮೇಲೆ ಜಂಪಣ್ಣ ಒರೆಸುವುದನ್ನು ನಿಲ್ಲಿಸಿದ. ಆದರೂ ಯಾರಿಗೂ ಏನೂ ಹೇಳಲಿಲ್ಲ. ದಾವಣಗೆರೆ ಬರುವತನಕ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಅವಳ ಹಣೆಯ ಮೇಲೆ ಕೈಯಿಡುತ್ತಿದ್ದ.

ಅಜ್ಜಮ್ಮನನ್ನು ಮಣ್ಣು ಮಾಡಿದ ಮೇಲೆ ಗಾದ್ರಪ್ಪ ಕುರಿಗಳನ್ನು ಮೇಯಿಸಲು ಹೋದ, ಬಂದ. ಉಂಡ, ಮಲಗಿದ. ಕೆಂಚಿ ಎಂದಿನಂತೆ ಬಳಿ ಬಂದು ಕಾಲಿಗೆ ಮೈ ಒರಗಿಸಿದರೆ ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅದನ್ನು ಒದೆಯಲೂ ಆಗುತ್ತಿರಲಿಲ್ಲ, ಮುಟ್ಟಲೂ ಆಗುತ್ತಿರಲಿಲ್ಲ. ಅದರ ತಪ್ಪೇನೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಹಗುರಾಗಲಿಲ್ಲ. ನಾಯಿಗೆ ಆ ದಿನ ಕೊಟ್ಟ ಸೂಜಿ ಯಾವುದು ಎಂದು ದುರುಗಮ್ಮ ಒಂದು ಸಲ ಕೇಳಿದಳು. ನಂಜಿನದು ಎಂದ. ಅವಳು ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಮತ್ತೆ ಯಾವತ್ತೂ ಕೇಳಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅವನು ಬಸವನಕಟ್ಟೆಗೆ ನಡೆದುಹೋದ. ಮಹೇಶ್ವರಪ್ಪ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ತಾನೇ ಕೇಳಿ ನ್ಯಾಮತಿ ಕಡೆಗೆ ವರ್ಗ ಮಾಡಿಸಿಕೊಂಡಿದ್ದನಂತೆ. ಹದಿನೈದು ದಿನದಲ್ಲಿ ಅವನ ಗಲ್ಲದ ಎಲುಬು ಎದ್ದು ಕಾಣುತ್ತಿತ್ತು. ಕೂತುಕೋ ಎನ್ನಲಿಲ್ಲ. ಗಾದ್ರಪ್ಪ ಬಾಗಿಲಲ್ಲೇ ನಿಂತು, ಆ ಎರಡು ಸೀಸೆ ಇದ್ದಿದ್ದರೆ ಅವಳು ಉಳಿಯುತ್ತಿದ್ದಳಾ ಎಂದು ಕೇಳಿದ.

"ಡಾಕ್ಟರನ್ನ ಕೇಳಿದೆ," ಎಂದ ಮಹೇಶ್ವರಪ್ಪ ಹಗ್ಗದ ಕಡೆಗೇ ನೋಡುತ್ತ. "ಯಾರ ಹೆಸರೂ ಹೇಳದೆ ಕೇಳಿದೆ. ಕೊಳಕುಮಂಡಲಕ್ಕೆ ದೊಡ್ಡವರಿಗಾದ್ರೆ ಎಂಟೋ ಹತ್ತೋ ಬೇಕಂತೆ. ಎರಡರಿಂದ ಏನೂ ಆಗ್ತಿರ್ಲಿಲ್ಲ. ದೊಡ್ಡಾಸ್ಪತ್ರೆಗೇ ಹೋಗಬೇಕಿತ್ತಂತೆ, ನೇರವಾಗಿ. ಇದು ನಮ್ಮ ಕೈಲಿ ಇರಲಿಲ್ಲ ಗಾದ್ರಪ್ಪ. ಹಂಗೆ ತಿಳ್ಕೊ."

ಆ ಮಾತನ್ನು ಅವನು ಗಾದ್ರಪ್ಪನಿಗೆ ಸಮಾಧಾನವಾಗಲಿ ಎಂದೇ ಆಡಿದ್ದ. ಪ್ರಾಯಶಃ ತನಗೂ ದಿನಾ ಹೇಳಿಕೊಳ್ಳುತ್ತಿದ್ದ. ಕವಲು ದಾರಿಯಲ್ಲಿ ಎತ್ತುಗಳು ನಿಂತಿದ್ದು ಅವನಿಗೆ ಗೊತ್ತಿರಲಿಲ್ಲ. ಗಾದ್ರಪ್ಪ ಆಯಿತು ಎಂಬಂತೆ ತಲೆಯಾಡಿಸಿ ಅಲ್ಲಿಂದ ಹೊರಟ. ಬರುವಾಗ ಸೀಸೆಯ ಪಾಪ ಇಬ್ಬರದಾಗಿತ್ತು. ಈಗ ಅದು ಪಾಪವೇ ಅಲ್ಲವೆಂದಾಯಿತು. ಉಳಿದದ್ದು ಕವಲು ದಾರಿ ಒಂದೇ, ಅದರಲ್ಲಿ ಪಾಲುದಾರರು ಯಾರೂ ಇರಲಿಲ್ಲ. ಎರಡು ಮಾತು ಆಡಿದ್ದರೆ ಹನ್ನೆರಡರ ಬಸ್ಸು ಸಿಗುತ್ತಿತ್ತು. ಮೂರು ಮೈಲಿ ನಡೆದು ಆ ಜಾಗಕ್ಕೆ ಬಂದಾಗ ಅವನು ಬಂಡಿಜಾಡಿನ ನಡುವೆ ಕುಕ್ಕರಗಾಲಲ್ಲಿ ಕೂತ. ದಾರಿಹೋಕರು ಯಾರೋ ಏನಾಯಿತೆಂದು ಕೇಳಿದರು. ಕಾಲಿಗೆ ಮುಳ್ಳು ಎಂದ.

ಮರುದಿನ ಬೆಳಿಗ್ಗೆ ಜಂಪಣ್ಣನೇ ಅವನ ಅಂಗಳಕ್ಕೆ ಬಂದ. ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರಿತ್ತು. ದೊಡ್ಡ ಮಗಳು ಹಿಂದೆ ನಿಂತಿದ್ದಳು. ಹತ್ತು ವರ್ಷದ ಹುಡುಗಿ, ತಾಯಿಯ ಸೀರೆಯ ತುಂಡನ್ನು ದಾವಣಿಯಂತೆ ಸುತ್ತಿಕೊಂಡಿದ್ದಳು. ಜಂಪಣ್ಣ ಕಲ್ಲಿನ ಮೇಲೆ ಕೂತು, ಅದೂ ಇದೂ ಮಾತಾಡಿ, ಕೊನೆಗೆ ಬಂದ ಕಾರಣ ಹೇಳಿದ. ಇನ್ನು ಹೊಲದ ಕೆಲಸವೆಲ್ಲ ಈ ಹುಡುಗಿಯರ ಮೇಲೇ ಬೀಳುತ್ತದೆ. ಕೆಂಚಿ ಹಾವು ಕಚ್ಚಿ ಬದುಕಿದ ನಾಯಿ, ಹಾವಿನ ವಾಸನೆ ಗೊತ್ತಿರುವ ನಾಯಿ. ಅದು ಮುಂದೆ ನಡೆದರೆ ಮಕ್ಕಳಿಗೆ ಭಯವಿರುವುದಿಲ್ಲ. ಕೊಡಲು ಆಗುತ್ತದೆಯೇ? ನೀನು ಅದನ್ನು ಹೇಗೆ ಸಾಕಿದ್ದೀಯ ಎಂದು ಗೊತ್ತು, ಆದರೂ ಕೇಳುತ್ತಿದ್ದೀನಿ ಎಂದ.

ಗಾದ್ರಪ್ಪನಿಗೆ ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನ್ನಿಸಿತು.

"ಜಂಪಣ್ಣ, ಆವತ್ತು ದಾರಿ ಕವಲಾಗೋ ತಾವ..."

"ಅದನ್ನ ಎತ್ತಬೇಡ," ಎಂದ ಜಂಪಣ್ಣ. ಅವನ ದನಿ ಎಲ್ಲೋ ಒಳಗಿಂದ ಬಂದಂತಿತ್ತು. "ನೀನು ಹೇಳಿದ್ದೆ, ರೋಡಿಗೆ ಹೋಗಾನ ಅಂತ. ನಿನಗೆ ಹೊಳೆದಿತ್ತು. ನಾನೇ ಬ್ಯಾಡ ಅಂದೆ. ಎದ್ದರೆ ಅದೇ, ಕೂತರೆ ಅದೇ. ನನ್ನ ಕೈಯಾರೆ ಕೊಂದೆ ಅವಳನ್ನ."

ಅಂಗಳದಲ್ಲಿ ಕುರಿಮರಿಯೊಂದು ತಾಯಿಯನ್ನು ಹುಡುಕುತ್ತ ಅರಚುತ್ತಿತ್ತು. ದುರುಗಮ್ಮ ಒಳಗಿನಿಂದ ಬಾಗಿಲಿಗೆ ಬಂದು ನಿಂತಿದ್ದಳು. ಜಂಪಣ್ಣ ತಲೆಯೆತ್ತಿ ಗಾದ್ರಪ್ಪನನ್ನು ನೋಡುತ್ತಿದ್ದ. ಆ ನೋಟದಲ್ಲಿ ಇಡೀ ಹಟ್ಟಿಯಲ್ಲಿ ಇವನೊಬ್ಬನಿಗೆ ತನ್ನ ತಪ್ಪು ಗೊತ್ತು ಎಂಬ ನಾಚಿಕೆಯಿತ್ತು, ಗೊತ್ತಿದ್ದೂ ಯಾರಿಗೂ ಹೇಳಲಿಲ್ಲವಲ್ಲ ಎಂಬ ಕೃತಜ್ಞತೆಯೂ ಇತ್ತು.

"ನಿನ್ನ ತಪ್ಪಲ್ಲ," ಎಂದ ಗಾದ್ರಪ್ಪ.

ಅವನು ಎದ್ದು ಹೋಗಿ ಗೂಟದಿಂದ ಹಗ್ಗ ಬಿಚ್ಚಿ ಹುಡುಗಿಯ ಕೈಗೆ ಕೊಟ್ಟ. ಕೆಂಚಿ ಎರಡು ಹೆಜ್ಜೆ ಹೋಗಿ ಹಿಂದಕ್ಕೆ ನೋಡಿತು. ಹೋಗು ಎಂದ. ಮತ್ತೂ ನಿಂತಾಗ, ಹುಡುಗಿ ಹಗ್ಗವನ್ನು ಮೆಲ್ಲಗೆ ಎಳೆದಳು.

ಎರಡು ಮನೆಗಳ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆಯಷ್ಟೇ ಇತ್ತು. ಗಾದ್ರಪ್ಪ ಕುರಿಗಳನ್ನು ಹೊರಡಿಸದೆ ಅಲ್ಲೇ ನಿಂತಿದ್ದ. ಆಚೆ ಚಿಕ್ಕ ಮಗಳು ಮಣ್ಣಿನ ಬಟ್ಟಲಲ್ಲಿ ಅಂಬಲಿ ತಂದು ನಾಯಿಯ ಮುಂದೆ ಇಟ್ಟಳು. ಕೆಂಚಿ ಬಹಳ ಹೊತ್ತು ಗೋಡೆಯ ಕಡೆಗೇ ನೋಡುತ್ತಿದ್ದು, ಕೊನೆಗೆ ತಲೆ ಬಗ್ಗಿಸಿ ನೆಕ್ಕತೊಡಗಿತು. ಮೂತಿಯ ಎಡಗಡೆ ಕೊಳೆತು ಉದುರಿದ ಜಾಗದಲ್ಲಿ ತುಟಿ ಇನ್ನೂ ಕೂಡಿಕೊಂಡಿರಲಿಲ್ಲ. ನೆಕ್ಕಿದ ಅಂಬಲಿ ಅತ್ತಲಿಂದ ಸೋರಿ ನೆಲಕ್ಕೆ ಬೀಳುತ್ತಿತ್ತು. ಹುಡುಗಿ ಕುಕ್ಕರಗಾಲಲ್ಲಿ ಕೂತು, ಲಂಗದ ಅಂಚಿನಿಂದ ಅದರ ಬಾಯಿಯನ್ನು ಒರೆಸುತ್ತಿದ್ದಳು.